ಆರು ಮೂಲೆಯ ನಳಿಗೆ

“ಶೂಟಿಂಗ್ ಕ್ಲಬ್‌ಗೆ ಎರಡು ಹೊಸ ಪಿಸ್ತೂಲ್ ಬಂದಿವೆ ಮೇಡಂ. ಗುಂಡಿನ ವಿಷಯಕ್ಕೆ ಕಲ್ಲೇಶಪ್ಪೋರ ಹತ್ರ ಜಗಳ ಆಡ್ಕೊಂಡು ಬಂದೆ,” ಎಂದರು ರಘುರಾಮ್.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಅವರದು ಬಂದೂಕು ರಿಪೇರಿ ಅಂಗಡಿ. ಕಾಲೇಜಿನಲ್ಲಿ ಪಾಠ ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೋಗುವಾಗ ನಾನು ಅಲ್ಲಿ ಹತ್ತು ನಿಮಿಷ ಕೂರುತ್ತಿದ್ದೆ. ಹೋದ ತಿಂಗಳು ಅವರು ಸ್ಕ್ರೂಡ್ರೈವರ್ ಒರೆಸುತ್ತಲೇ, ನನ್ನ ಕಡೆ ನೋಡದೆ, “ನನ್ನ ಮದುವೆ ಆಗ್ತೀರಾ?” ಎಂದು ಕೇಳಿದ್ದರು. ಯೋಚಿಸಿ ಹೇಳುತ್ತೇನೆ ಎಂದಿದ್ದೆ. ಆ ಶನಿವಾರ ಹೂಂ ಅನ್ನಲೆಂದೇ ಬಂದಿದ್ದೆ.

“ಅಧ್ಯಕ್ಷರ ಹತ್ರಾನೇ ಜಗಳಾನಾ?”

“ಅವರಿಗೆ ಬರೀ ಸೀಸದ ಗುಂಡೇ ಬೇಕಂತೆ. ಆಗಲ್ಲ, ತಾಮ್ರ ಹೊದಿಸಿರೋದೇ ಬೇಕು ಅಂದೆ. ಇವುಗಳ ಬ್ಯಾರಲ್ ಒಳಗೆ ಚೂಪಾದ ಗೀರು ಇರಲ್ಲ. ಆರು ಮೂಲೆ, ಅವೂ ದುಂಡಗೆ, ತಿರುಚ್ಕೊಂಡು ಹೋಗಿರ್ತವೆ. ಸೀಸ ಹೊಡೆದ್ರೆ ಒಳಗೇ ಮೆತ್ಕೊಳ್ಳುತ್ತೆ. ನುಣ್ಣಗಿರೋದ್ರಿಂದ ಕಾಣೋದೂ ಇಲ್ಲ. ದಾರಿ ಕಿರಿದಾಗ್ತಾ ಆಗ್ತಾ ಒಂದಿನ…”

ಅಲ್ಲಿಗೆ ನಿಲ್ಲಿಸಿದರು. ಅವರ ಕಿವಿ ಕೆಂಪಾಯಿತು.

“ರಾಹುಲ್‌ದೂ ಇದೇ ಥರದ್ದಾ?” ಎಂದೆ.

ರಾಹುಲ್ ತೀರಿಹೋದ ನನ್ನ ಗಂಡ. ಕ್ಲಬ್ಬಿನಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದ. ಅವನಿಗೆ ಗುಂಡು ಆರಿಸಿಕೊಟ್ಟವಳು ನಾನು. ಕೆಮಿಸ್ಟ್ರಿ ಓದಿದವಳಲ್ಲವೇ. “ಸೀಸ ಮೆದು ಕಣೋ, ಬ್ಯಾರಲ್ ಸವೆಯಲ್ಲ,” ಎಂದಿದ್ದೆ. ಎರಡು ವರ್ಷದ ಹಿಂದೆ ಆ ಪಿಸ್ತೂಲು ಅವನ ಕೈಯಲ್ಲೇ ಸಿಡಿಯಿತು. ಬಲಗೈಯ ಎರಡು ಬೆರಳು ಹೋದವು. ಮೂರು ತಿಂಗಳ ಮೇಲೆ ಗಂಡಸಿ ರಸ್ತೆಯಲ್ಲಿ ಲಾರಿ ಎದುರಾದಾಗ ಸ್ಕೂಟರಿನ ಬ್ರೇಕು ಆ ಕೈಗೆ ಸಿಗಲಿಲ್ಲ.

ಸಿಡಿದ ಪಿಸ್ತೂಲನ್ನು ಪರೀಕ್ಷಿಸಿದವರು ರಘುರಾಮ್. ಕಬ್ಬಿಣದಲ್ಲೇ ದೋಷವಿತ್ತು, ಗುಂಡಿನದೇನೂ ತಪ್ಪಿಲ್ಲ ಎಂದಿದ್ದರು. ಆ ಒಂದು ಮಾತಿನ ಮೇಲೆ ನಾನು ಎರಡು ವರ್ಷ ಉಂಡೆ, ಮಲಗಿದೆ, ಪಾಠ ಮಾಡಿದೆ.

“ಅದರ ಚೂರು ಇದೆಯಾ?”

“ಬೇಡ ಮೇಡಂ.”

“ಕೊಡಿ.”

ಡ್ರಾಯರಿನಿಂದ ಬಟ್ಟೆಯ ಗಂಟು ತೆಗೆದುಕೊಟ್ಟರು. ನಳಿಗೆಯ ಒಳಮೈಯನ್ನು ಉಗುರಿನಿಂದ ಕೆರೆದೆ. ಬೂದು ಬಣ್ಣದ ದಪ್ಪ ಪದರ ಎದ್ದು ಬಂತು. ಕಾಗದದ ಮೇಲೆ ಎಳೆದರೆ ಪೆನ್ಸಿಲಿನ ಹಾಗೆ ಗೆರೆ ಬಿತ್ತು. ಸೀಸ.

“ಆಸ್ಪತ್ರೆ ಮೆಟ್ಟಿಲ ಮೇಲೆ ನಿಂತು, ನಾನೇನಾ ಕಾರಣ ಅಂತ ಕೇಳಿದ್ರಿ,” ಎಂದರು. “ಹೌದು ಅನ್ನೋಕೆ ಬಾಯಿ ಬರ್ಲಿಲ್ಲ. ಮೊದಲೇ ಬ್ಯಾರಲ್ ಒಳಗೆ ನೋಡಿ ಸೀಸ ಬೇಡ ಅನ್ಬೇಕಾಗಿದ್ದೋನು ನಾನು. ನೋಡ್ಲಿಲ್ಲ.”

“ಕರುಣೆಯಿಂದ ಮದುವೆ ಆಗೋಣ ಅಂತಾನಾ?”

“ಬರೀ ಕರುಣೆ ಆಗಿದ್ರೆ ದೂರದಿಂದಲೇ ಪಡ್ತಿದ್ದೆ. ನೀವು ದಿನಾ ಬಂದು, ಮಾತೇ ಆಡದೆ ಕೂತು, ಹೋಗ್ತಿದ್ರಲ್ಲ. ಭಾನುವಾರ ನೀವು ಕೂರೋ ಆ ಖಾಲಿ ಸ್ಟೂಲು ನೋಡೋಕಾಗ್ತಿರ್ಲಿಲ್ಲ ನನಗೆ.”

ಕಣ್ಣೆತ್ತಿ ನನ್ನನ್ನು ನೋಡಿದರು. ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ.

“ಅತ್ತೆಗೆ ಹೇಳ್ಬೇಕು. ಬನ್ನಿ,” ಎಂದೆ.

“ಈಗಲೇನಾ?”

“ನಾಳೆ ಆದ್ರೆ ನನಗೆ ಧೈರ್ಯ ಇರಲ್ಲ.”

ಅಂಗಡಿಗೆ ಬೀಗ ಹಾಕಿದರು. ನಮ್ಮೂರು ಗಂಡಸಿಯವರೆಗೂ ಬಸ್ಸಿನಲ್ಲಿ ನಾನು ಮುಂದೆ, ಅವರು ಹಿಂದೆ.

ಅತ್ತೆ ದ್ಯಾವಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನಾನೇ ಎಲ್ಲ ಹೇಳಿದೆ. ನಡುವೆ ರಘುರಾಮ್ ಬಾಯಿ ಹಾಕಿ, “ತಪ್ಪು ನಂದು ಅಮ್ಮ,” ಎಂದರು.

“ನೀವು ಸುಮ್ಕಿರಿ,” ಎಂದರು ಅತ್ತೆ. ನನ್ನ ಕಡೆ ತಿರುಗಿದರು. “ಬೇಕೂಂತ ಆ ಗುಂಡು ಕೊಟ್ಟಿದ್ದಾ ಲತಾ?”

“ಇಲ್ಲ ಅತ್ತೆ.”

ತುಂಬ ಹೊತ್ತು ಕಾಯಿ ಸುಲಿದರು. ಕಾಳು ಯಾವುದು, ಸಿಪ್ಪೆ ಯಾವುದು ನೋಡದೆ ಎರಡನ್ನೂ ಒಂದೇ ಮೊರಕ್ಕೆ ಹಾಕುತ್ತಿದ್ದರು.

“ನಂಗೆ ಇವತ್ತು ನಿನ್ ಮೇಲೆ ಕ್ವಾಪ ಐತೆ,” ಎಂದರು ಕೊನೆಗೆ. “ನಾಳೀಕೆ ಏನೋ ಗೊತ್ತಿಲ್ಲ. ಅವ್ರಿಗೆ ಊಟಕ್ಕಿಕ್ಕು. ನಾಲ್ಕರ ಗಂಟ ಬಸ್ಸಿಲ್ಲ.”

ಮುದ್ದೆ ಬಡಿಸಿದೆ. ರಘುರಾಮ್ ತಲೆ ತಗ್ಗಿಸಿ ಉಂಡರು. ಆಮೇಲೆ ಬಸ್ ನಿಲ್ಲುವ ಜಾಗದ ತನಕ ಜೊತೆಗೆ ನಡೆದೆ.

“ಇನ್ನೊಂದು ಸಲ ಹೀಗೆ ಸುಳ್ಳು ಹೇಳ್ತೀರಾ?”

“ಹೇಳಲ್ಲ ಅಂದ್ರೆ ನಂಬ್ತೀರಾ?”

“ಇಲ್ಲ.”

ದೂರದಲ್ಲಿ ಬಸ್ಸು ಕಾಣಿಸಿತು.

“ಹೂಂ,” ಎಂದೆ.

“ಏನು ಹೂಂ?”

“ಹೋದ ತಿಂಗಳು ಕೇಳಿದ್ರಲ್ಲ, ಅದಕ್ಕೆ.”

ಅವರಿಗೆ ಅರ್ಥವಾಗುವಷ್ಟರಲ್ಲಿ ಕಂಡಕ್ಟರ್ ಹತ್ತಿಸಿಕೊಂಡುಬಿಟ್ಟ. ಕಿಟಕಿಯಲ್ಲಿ ಕಂಡ ಮುಖ ನಗುತ್ತಿತ್ತೋ ಅಳುತ್ತಿತ್ತೋ ಹೇಳಲಾರೆ.

ಮನೆಗೆ ಬಂದಾಗ ಅತ್ತೆ ಜಗುಲಿಯ ಮೇಲೆ ಕೂತಿದ್ದರು. ನಾನು ಅಂಗಳದಲ್ಲೇ ನಿಂತೆ. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆಯೇ, ಒಂದಿಷ್ಟು ಸರಿದು ಜಾಗ ಬಿಟ್ಟರು.