ಕೆಂಪು ದೀಪ ಹತ್ತಿದ ಮೇಲೆ

ಗಾಜಿನ ಆಚೆ ಕೂತವನು ಇವತ್ತೂ ಕತ್ತೆತ್ತಿ ನೋಡಲಿಲ್ಲ.

ಕಾಲೇಜಿನ ರೇಡಿಯೋ ಸ್ಟುಡಿಯೋ ಎಂದರೆ ಎರಡು ಪುಟ್ಟ ಕೋಣೆ, ನಡುವೆ ಗಾಜು. ಈಚೆ ಮೈಕಿನ ಮುಂದೆ ಗಿಣಿ, ಆಚೆ ರೆಕಾರ್ಡಿಂಗ್ ಮೇಜಿನ ಮುಂದೆ ಮೌನಿ. ಎರಡೂ ಕ್ಲಾಸಿನವರು ಇಟ್ಟ ಹೆಸರು. ಅವಳ ಬಾಯಿಗೆ ಬೀಗವಿಲ್ಲ, ಅವನ ಬಾಯಿಗೆ ಬೀಗದ ಕೈಯೇ ಇಲ್ಲ! ಮಾಧ್ಯಮ ಕಾನೂನು ಕಲಿಸುವ ಮೇಡಂ ಈ ಇಬ್ಬರನ್ನೇ ಜೋಡಿ ಮಾಡಿ, ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಕಾರ್ಯಕ್ರಮ ಮಾಡಿ ಎಂದಾಗ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು.

ನಗಲಿ ಬಿಡಿ. ಗಿಣಿಗೆ ಆ ಮಧ್ಯಾಹ್ನಗಳೆಲ್ಲ ಕನಸಿನಂತೆ ಕಳೆದವು. ಬಿಸಿಲು ಓರೆಯಾಗಿ ಬಿದ್ದರೆ ಗಾಜಿನಲ್ಲಿ ಅವಳ ಮುಖವೂ ಅವನ ಮುಖವೂ ಒಂದರ ಮೇಲೊಂದು ತೇಲುತ್ತಿದ್ದವು. ಅವಳು ಓದುತ್ತಾ ತಪ್ಪಿದರೆ ಅವನ ತುಟಿಯ ಒಂದೇ ಕೊನೆ ನಗುತ್ತಿತ್ತು. ಅದನ್ನು ನೋಡಲೆಂದೇ ಬೇಕೆಂದೇ ತಪ್ಪುತ್ತಿದ್ದಳು, ಕಳ್ಳಿ.

"ನಿಂಗೆ ಮಾತೇ ಬರಲ್ಲ ಅಂತ ರೇಡಿಯೋದಲ್ಲಿ ಹೇಳ್ಬಿಡ್ತೀನಿ ನೋಡು," ಎಂದು ಒಮ್ಮೆ ಕೆಣಕಿದ್ದಳು.

"ಮಾನನಷ್ಟ ಮೊಕದ್ದಮೆ ಹಾಕ್ತೀನಿ."

"ನಿಜ ಅಂತ ಸಾಬೀತು ಮಾಡಿದ್ರೆ?"

ಅವನು ಯೋಚಿಸಿ, "ಸೋತೆ," ಎಂದಿದ್ದ.

ಅಂಥವನು ಒಂದು ವಾರದಿಂದ ಮುಖ ಕೊಟ್ಟು ಮಾತಾಡುತ್ತಿಲ್ಲ. ಇವತ್ತು ಬೆಳಿಗ್ಗೆ ಮೇಡಂ ಕರೆದು, "ಅವನು ಬೇರೆ ಜೋಡಿ ಕೇಳಿದಾನಮ್ಮ, ನಾಳೆಯಿಂದ ಬದಲಾಯಿಸ್ತೀನಿ," ಎಂದಿದ್ದರು. ನಾಳೆಯಿಂದ ಗಾಜಿನ ಆಚೆ ಇನ್ಯಾರೋ!

ಅವಳು ಎದ್ದವಳೇ ಆಚೆಯ ಬಾಗಿಲು ತಳ್ಳಿದಳು.

"ಏನಪ್ಪಾ, ನಾನು ನಿನ್ನ ಗಂಟೇನು ತಿಂದಿದ್ದೆ?"

ಅವನು ಹೆಡ್‌ಫೋನ್ ತೆಗೆದಿಟ್ಟ. "ತಪ್ಪು ನಂದೇ. ಹೋದ ವಾರ ನೀನು ಮೈಕ್ ಮುಂದೆ ಕೂತು ಅಕ್ಕನ ಜೊತೆ ಫೋನಲ್ಲಿ ಮಾತಾಡ್ತಿದ್ಯಲ್ಲ, ನಾನು ಹೊರಗೆ ಹೋಗೋವಾಗ ರೆಕಾರ್ಡಿಂಗ್ ನಿಲ್ಲಿಸೋದು ಮರೆತಿದ್ದೆ. ಎಡಿಟ್ ಮಾಡೋಕೆ ಕೂತಾಗ ಕಿವಿಗೆ ಬಿತ್ತು."

ಅಕ್ಕನ ಹತ್ತಿರ ಹೇಳಿದ್ದು ಒಂದೊಂದೇ ನೆನಪಾಗಿ ಗಿಣಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಪೂರ್ತಿ ಕೇಳಿದ್ಯಾ?"

"ಛೆ, ಇಲ್ಲ! 'ಇವನ ಜೊತೆ ಕೆಲಸ ಮಾಡೋಕೆ ನನ್ನ ಕೈಲಿ ಆಗಲ್ಲ ಅಕ್ಕಾ' ಅಂದೆ. ಅಷ್ಟಕ್ಕೇ ನಿಲ್ಸಿ, ಎಲ್ಲಾ ಅಳಿಸಿಬಿಟ್ಟೆ. ನಿನ್ನ ಒಪ್ಪಿಗೆ ಇಲ್ದೆ ನಿನ್ನ ಖಾಸಗಿ ಮಾತು ಕೇಳೋ ಹಕ್ಕು ನಂಗೆಲ್ಲಿದೆ? ನಿಂಗೆ ಕಷ್ಟ ಆಗ್ತಿದ್ರೆ ನಾನೇ ದೂರ ಹೋಗೋಣ ಅಂತ..."

ಗಿಣಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಒಬ್ಬರ ಮಾತನ್ನ ಅರ್ಧಕ್ಕೆ ಕತ್ತರಿಸಿದ್ರೆ ಅರ್ಥ ಕೆಡುತ್ತೆ ಅಂತ ಮೇಡಂ ಬಡ್ಕೊಂಡ್ರಲ್ಲ, ಅವತ್ತು ನಿದ್ದೆ ಹೊಡೀತಿದ್ಯಾ?"

"ಮತ್ತೆ, ಮಿಕ್ಕಿದ್ದು ಕದ್ದು ಕೇಳ್ಬೇಕಿತ್ತಾ?"

"ನನ್ನನ್ನೇ ಕೇಳ್ಬೇಕಿತ್ತು, ಪೆದ್ದ!"

ಅವಳು ಈಚೆ ಬಂದು ಮೈಕಿನ ಮುಂದೆ ಕೂತಳು. "ರೆಕಾರ್ಡಿಂಗ್ ಶುರು ಮಾಡು, ಕೆಂಪು ದೀಪ ಹತ್ತಲಿ. ಈ ಸಲ ನನ್ನ ಒಪ್ಪಿಗೆ ಇದೆ."

ದೀಪ ಹತ್ತಿತು. ದಿನವಿಡೀ ಪಟಪಟ ಎನ್ನುವ ನಾಲಿಗೆ ಈಗ ಹೊರಳಲೊಲ್ಲದು. ಅವಳು ಗಾಜಿನಲ್ಲಿ ತೇಲುವ ಎರಡು ಮುಖಗಳನ್ನೇ ನೋಡುತ್ತಾ ಉಸಿರೆಳೆದುಕೊಂಡಳು.

"ಇವನ ಜೊತೆ ಕೆಲಸ ಮಾಡೋಕೆ ನನ್ನ ಕೈಲಿ ಆಗಲ್ಲ ಅಕ್ಕಾ. ಸ್ಕ್ರಿಪ್ಟ್ ಓದೋಕೆ ಕೂತ್ರೆ ಕಣ್ಣು ಗಾಜಿನ ಆಚೆಗೇ ಓಡುತ್ತೆ. ಇವನು ಒಂಚೂರು ನಕ್ರೆ ನಂಗೆ ಊಟಾನೇ ಬೇಡ. ಇವನನ್ನ ಪ್ರೀತಿಸ್ತಿದೀನಿ ಕಣೇ."

ಆಚೆಯ ಕುರ್ಚಿ ಖಾಲಿಯಾಯಿತು. ಈಚೆಯ ಬಾಗಿಲು ತೆರೆಯಿತು. ಮೌನಿ ಬಂದು ಅವಳ ಪಕ್ಕದಲ್ಲಿ ಕೂತು, ಮೈಕನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ.

"ಏನಿದು?"

"ನನ್ನ ಬಗ್ಗೆ ಇಷ್ಟೆಲ್ಲ ಹೇಳಿದ್ಮೇಲೆ ನನ್ನ ಕಡೆ ಮಾತೂ ಹಾಕ್ಬೇಕಲ್ವಾ?" ಅವನ ತುಟಿಯ ಎರಡೂ ಕೊನೆ ನಗುತ್ತಿದ್ದವು. "ನೀನು ಬೇಕಂತಾನೇ ತಪ್ಪು ಓದ್ತಿದ್ದೆ ಅಂತ ನಂಗೆ ಮೊದಲಿಂದ್ಲೂ ಗೊತ್ತು. ಆ ತಪ್ಪುಗಳನ್ನ ಕತ್ತರಿಸೋಕೆ ಒಂದಿನಾನೂ ಮನಸ್ಸು ಬಂದಿಲ್ಲ..."

ಅವನು ಹೇಳುತ್ತಲೇ ಹೋದ. ಗಿಣಿ ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೇಳಿದಳು.