ಪಂಖವಿಲ್ಲದ ವಿಮಾನ

“ರೆಕ್ಕಿ ಮುಂದ ಪಂಖಾನ ಇಲ್ಲ. ಮತ್ತ ಇದು ಹೆಂಗ ಹಾರ್ತೈತಿ?”

ಸುಮಿತ್ರಾ ಇದನ್ನು ಯಾರನ್ನೂ ಕೇಳಿದ್ದಲ್ಲ. ತಾನು ಕಲಿಸುವ ಶಾಲೆ ಬಿಟ್ಟ ಮೇಲೆ ಲಕ್ಷ್ಮೇಶ್ವರದ ವಾಚನಾಲಯದಲ್ಲಿ ಯಾರೂ ಇರುವುದಿಲ್ಲವೆಂದೇ ಅವಳು ಆ ಹೊತ್ತಿಗೆ ಅಲ್ಲಿಗೆ ಬರುತ್ತಿದ್ದಳು. ಮೇಜಿನ ಮೇಲೆ ಹರವಿದ ಪತ್ರಿಕೆಯಲ್ಲಿ ಅಂಗೈಯಗಲದ ಒಂದು ಚಿತ್ರ. ವಿಲಾಯತಿಯಲ್ಲಿ ಕಟ್ಟಿದ ಹೊಸ ಜೆಟ್ ವಿಮಾನ, ಜನರನ್ನು ಕೂರಿಸಿಕೊಂಡು ಮೋಡಕ್ಕಿಂತ ಮೇಲೆ ಹೋಗುವಂಥದು. ಮೀನಿನಂತೆ ನುಣ್ಣನೆಯ ಮೈ, ಮೂಗಿನ ತುದಿಯಲ್ಲಿ ತಿರುಗುವುದು ಏನೂ ಇಲ್ಲ.

ಎದುರಿಗೆ ಯಾರೋ ಎತ್ತಿ ಹಿಡಿದಿದ್ದ ಪತ್ರಿಕೆಯ ಹಿಂದಿನಿಂದ ಉತ್ತರ ಬಂತು.

“ಮುಂದಿಂದ ಗಾಳಿ ನುಂಗ್ತೈತ್ರಿ. ಹೊಟ್ಟ್ಯಾಗ ಬೆಂಕಿ ಹಚ್ಚಿಕೊಂಡು ಹಿಂದ ಉಗುಳ್ತೈತಿ. ಉಗುಳಿದಷ್ಟು ಮುಂದ ಹೋಗ್ತೈತಿ.”

ಪತ್ರಿಕೆ ಮೆಲ್ಲಗೆ ಇಳಿಯಿತು. ಮೊದಲು ಉಗುರಿನ ಅಂಚಿಗೆ ಎಣ್ಣೆಯ ಕಪ್ಪು ಕೂತ ಬೆರಳುಗಳು ಕಂಡವು, ಆಮೇಲೆ ನಗುವನ್ನು ತಡೆದು ಹಿಡಿದ ಎರಡು ಕಣ್ಣು. ಹತ್ತಿ ಜಿನ್ನಿಂಗ್ ಗಿರಣಿಯ ಫಿಟ್ಟರ್ ಗಾಳೆಪ್ಪ.

“ನಾ ನಿಮ್ಮನ್ನ ಕೇಳಿಲ್ಲ,” ಎಂದಳು ಸುಮಿತ್ರಾ.

“ಮತ್ತ ಯಾರನ್ನ ಕೇಳಿದ್ರಿ?”

ಅವಳು ಬೆರಳಿನಿಂದ ಚಿತ್ರವನ್ನು ತೋರಿಸಿದಳು.

“ಅದಕ್ಕ ಕನ್ನಡ ಬರಂಗಿಲ್ರಿ. ಅದಕ್ಕಂತ ನಾ ಹೇಳಿದೆ.”

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪತ್ರಿಕೆಯ ಪುಟ ತಿರುವಿದಳು. ಅಂದು ಮನೆಗೆ ಹೋದ ಮೇಲೆ ಆ ಪುಟದಲ್ಲಿ ಏನಿತ್ತೆಂದು ಎಷ್ಟು ನೆನೆದರೂ ನೆನಪಾಗಲಿಲ್ಲ.

ಯುದ್ಧದ ಕಾಲದಲ್ಲಿ, ಅವಳು ಹನ್ನೊಂದು ವರ್ಷದವಳಿದ್ದಾಗ, ಹರ್ತಿಯ ಹೊಲವೊಂದರಲ್ಲಿ ಎಣ್ಣೆ ತೀರಿದ ವಿಮಾನವೊಂದು ಬಂದು ಇಳಿದಿತ್ತು. ಊರ ಮಂದಿ ದೂರ ನಿಂತು ಕೈ ಮುಗಿದರೆ ಸುಮಿತ್ರಾ ಹತ್ತಿರ ಹೋಗಿ ರೆಕ್ಕೆ ಮುಟ್ಟಿದ್ದಳು. ಬಿಸಿಲಿಗೆ ಕಾದ ಆ ತಗಡಿನ ಬಿಸಿ ಅಂದಿನಿಂದ ಅವಳ ಅಂಗೈಯಿಂದ ಹೋಗಿರಲಿಲ್ಲ. ಹಮ್ಮಿಗಿಯ ಒಕ್ಕಲು ಮನೆಯ ಗಾಳೆಪ್ಪ ಅದೇ ಯುದ್ಧದಲ್ಲಿ ಬೆಂಗಳೂರಿನ ವಿಮಾನದ ಕಾರ್ಖಾನೆಗೆ ಹೋಗಿ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸಿದವನು. ಯುದ್ಧ ಮುಗಿಯಿತು, ಕೆಲಸವೂ ಮುಗಿಯಿತು. ಅವನು ತನ್ನ ಸೀಮೆಗೆ ಮರಳಿದನೇ ಹೊರತು ಅವನ ಕಣ್ಣು ಆಕಾಶದಿಂದ ಮರಳಲಿಲ್ಲ.

ಊರಿನ ಬಾಯಿಗೆ ಹೆದರಿ ಅವರು ಎಂದೂ ಇಬ್ಬರೇ ಕೂತು ಮಾತಾಡಲಿಲ್ಲ. ಶಾಲೆಯ ಹೆಡ್ ಮಾಸ್ತರ ಗೋಣೆಪ್ಪನವರಿಗೂ ಅದೇ ವಿಮಾನದ ಹುಚ್ಚು ಇದ್ದದ್ದು ಪುಣ್ಯ. ಸಂಜೆ ಶಾಲೆಯ ಕಟ್ಟೆಯ ಮೇಲೆ ಮಾಸ್ತರರು ನಡುವೆ, ಇವರಿಬ್ಬರು ಆಚೆ ಈಚೆ. ಕನ್ನಡಿಗರೆಲ್ಲ ಒಂದೇ ರಾಜ್ಯಕ್ಕೆ ಬರಬೇಕೆಂದು ಊರೂರು ತಿರುಗಿ ಭಾಷಣ ಮಾಡುವ ಮಾಸ್ತರರು ಅರ್ಧ ಹೊತ್ತು ಮುಂಬೈ ಸರಕಾರವನ್ನು ಬೈಯುತ್ತಿದ್ದರು, ಉಳಿದರ್ಧ ಹೊತ್ತು ಜೆಟ್ಟಿನ ವೇಗವನ್ನು ಹೊಗಳುತ್ತಿದ್ದರು. ಅವರ ರುಮಾಲಿನ ಹಿಂದುಗಡೆ ಎರಡು ನೋಟಗಳು ಕೂಡುತ್ತಿದ್ದವು, ಕೂಡಿದ್ದೇ ತಪ್ಪೆಂಬಂತೆ ಬಿಡುತ್ತಿದ್ದವು.

ಆಷಾಢದ ಕೊನೆಗೆ ನಿಜಾಮುದ್ದೀನನ ಕಾಗದ ಬಂತು. ಅವನು ಗಾಳೆಪ್ಪನ ಕಾರ್ಖಾನೆಯ ಗೆಳೆಯ, ಈಗ ಮುಂಬೈ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರಿಸುವ ಕೆಲಸದಲ್ಲಿದ್ದ. ಶ್ರಾವಣದಲ್ಲಿ ಹೊಸ ಜೆಟ್ಟು ಮೊದಲ ಸಲ ಮುಂಬೈಗೆ ಬಂದು ಅಲ್ಲಿಂದ ಲಂಕೆಗೆ ಹೋಗುವುದಂತೆ. ದಿನ ಬರೆದಿದ್ದ, ಮುಂಜಾನೆ ಹತ್ತಕ್ಕೆ ಮುಂಬೈ ಬಿಡುತ್ತದೆಂದು ವೇಳೆಯನ್ನೂ ಬರೆದಿದ್ದ.

ಶಾಲೆಯ ಗೋಡೆಯ ನಕಾಶೆಯ ಮೇಲೆ ಮೂವರೂ ದಾರ ಹಿಡಿದರು. ಗಾಳೆಪ್ಪನ ಬೆರಳು ಮುಂಬೈಯ ಮೇಲೆ, ಸುಮಿತ್ರಾಳ ಬೆರಳು ಲಂಕೆಯ ಮೇಲೆ. ಬಿಗಿದ ದಾರ ಹುಬ್ಬಳ್ಳಿಯನ್ನು ಸವರಿ ಇವರ ಊರಿನ ಪಡುವಲಿಗೆ ಹಾಯಿತು. ಮಾಸ್ತರರು ಕನ್ನಡಕ ಏರಿಸಿ ಲೆಕ್ಕ ಹಾಕಿ, ಹತ್ತೂ ಮುಕ್ಕಾಲಿಗೆ ತಲೆಯ ಮೇಲೆ ಎಂದರು. ಲೆಕ್ಕ ಮುಗಿದ ಮೇಲೂ ಇಬ್ಬರೂ ದಾರದ ತುದಿ ಬಿಡಲಿಲ್ಲ.

ಅಂದು ಮಾಸ್ತರರು ಗಂಟೆ ಹೊಡೆಸಲು ಹೊರಗೆ ಹೋದಾಗ ಗಾಳೆಪ್ಪ ದಾರವನ್ನು ಬೆರಳಿಗೆ ಸುತ್ತುತ್ತ ಸಣ್ಣ ದನಿಯಲ್ಲಿ ಹೇಳಿದ. ಬೆಂಗಳೂರಿನ ಕಾರ್ಖಾನೆಯವರು ತಿರುಗಿ ಕರೆದಿದ್ದಾರೆ.

“ಒಬ್ಬನ ಹೋಗಾಕ ಮನಸ್ಸಿಲ್ಲ, ಸುಮಿತ್ರವ್ವಾರ. ನಮ್ಮ ಮಂದಿ ಬ್ಯಾರೆ, ನಿಮ್ಮ ಮಂದಿ ಬ್ಯಾರೆ. ಗೊತ್ತೈತಿ. ನೀವು ಹೂಂ ಅಂದ್ರ ನಾನ ನಿಮ್ಮ ಅಪ್ಪಾರ ಮುಂದ ನಿಂತು ಕೇಳ್ತೀನಿ. ಅನ್ನದಿದ್ರ ಈ ಮಾತು ಇಲ್ಲೇ ಬಿಡ್ತೀನಿ.”

ಅವಳಿಗೆ ಹೂಂ ಎನ್ನುವುದು ಎಷ್ಟೊತ್ತಿನ ಕೆಲಸ? ಆದರೂ ತಂದೆಯ ಮುಖ ಕಣ್ಣ ಮುಂದೆ ಬಂತು. ಹತ್ತಿ ವ್ಯಾಪಾರದ ಅಂದಾನಪ್ಪನವರ ಒಬ್ಬಳೇ ಮಗಳು. ತಾಯಿಯಿಲ್ಲದವಳನ್ನು ತಂದೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಕಟ್ಟಿಸಿ, ಬಳಗದವರ ಕುಹಕಕ್ಕೆ ಕಿವಿಗೊಡದೆ ಶಾಲೆಗೆ ಕಲಿಸಲು ಕಳಿಸಿದ್ದರು. ಅಂಥ ತಂದೆಯ ತಲೆ ತಗ್ಗಿಸುವುದೇ?

“ವಿಮಾನ ಬಂದ ದಿನ ಹೇಳ್ತೀನಿ,” ಎಂದಳು.

ಅವನು ಇದನ್ನು ಹುಡುಗಿಯ ನಾಚಿಕೆ ಎಂದುಕೊಂಡ. ಅವಳು ಮನಸ್ಸಿನಲ್ಲೇ ದೇವರಿಗೆ ಕಟ್ಟಿಕೊಂಡ ಮಾತು ಅದೆಂದು ಅವನಿಗೆ ತಿಳಿಯಲಿಲ್ಲ.

ಆ ಸೀಮೆಯಲ್ಲಿ ದಾರಿ ಕಾಣದವರು ದೇವರಿಗೆ ಹೂ ಕೇಳುತ್ತಾರೆ. ಮೂರ್ತಿಗೆ ಒದ್ದೆ ಹೂ ಅಂಟಿಸಿ, ಮನಸ್ಸಿನ ಮಾತು ಹೇಳಿ ಕಾಯುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಶ್ರಾವಣವಿಡೀ ಮನೆಯಲ್ಲಿ ಪುರಾಣ ಹಾಡುವ ಅವಳ ಅಜ್ಜಿ, ಆಯಿ ಗದಿಗೆವ್ವನ ಮದುವೆಯೂ ಹಾಗೆಯೇ ನಿಶ್ಚಯವಾದದ್ದು. ಆದರೆ ಗುಡಿಯಲ್ಲಿ ಕೇಳಿದರೆ ಪೂಜಾರಿಗೆ ಕೇಳಿಸುತ್ತದೆ, ಪೂಜಾರಿಗೆ ಕೇಳಿಸಿದರೆ ಊರಿಗೆ ಕೇಳಿಸುತ್ತದೆ. ಅದಕ್ಕೆ ಸುಮಿತ್ರಾ ಹೂವಿನ ಬದಲು ವಿಮಾನವನ್ನು ಇಟ್ಟಳು. ಹೇಳಿದ ಹೊತ್ತಿಗೆ ಅದು ತಲೆಯ ಮೇಲೆ ಹಾಯ್ದರೆ ಹೌದು. ಹಾಯದಿದ್ದರೆ ಅಲ್ಲ.

ವಾರದೊಳಗೆ ಮನೆಯಲ್ಲಿ ಇನ್ನೊಂದು ಮಾತು ಎದ್ದಿತು. ಮುಂಡರಗಿಯ ಚನ್ನಬಸವಣ್ಣನವರ ಮನೆಯಿಂದ ಅವರ ಮಗನಿಗೆ ಸಂಬಂಧ ಬಂದಿತ್ತು. ಒಳ್ಳೆಯ ಜನ. ಸಕ್ಕರೆ ಕಾರಣಕ್ಕೆ ಅವರು ಆರಿಸಿ ಕಳಿಸಿದ ದಿನ ವಿಮಾನದ ದಿನವೇ ಆಗಿತ್ತು. ಗಂಡಿನ ಕಡೆಯವರು ಬಂದು ಹೆಣ್ಣಿನ ಬಾಯಿಗೆ ಸಕ್ಕರೆ ಹಾಕಿದರೆಂದರೆ ಮುಗಿಯಿತು. ಆಮೇಲೆ ಮಾತು ತಿರುಗುವಂತಿಲ್ಲ. ಬಾಯಿ ತೆರೆದದ್ದೇ ಒಪ್ಪಿಗೆ.

ಅಂದು ಮುಂಜಾನೆ ಸುಮಿತ್ರಾ ಇಲಕಲ್ ಸೀರೆ ಉಟ್ಟು, ಶಾಲೆಯ ಮಕ್ಕಳಿಗೆ ವಿಮಾನ ತೋರಿಸಿ ಬರುತ್ತೇನೆಂದು ಕೇಳಿಕೊಂಡಳು. ಅಂದಾನಪ್ಪ ಮಗಳ ಮುಖ ನೋಡಿ, ಹನ್ನೊಂದಕ್ಕೆ ಮನೆಯಲ್ಲಿರಬೇಕೆಂದರು. ಆಯಿ ಹೂಬತ್ತಿ ಹೊಸೆಯುತ್ತ ನಕ್ಕಳು.

“ಹೋಗಿ ಬಾ. ಲಂಕಾಕ್ಕ ಹೋಗೂ ವಿಮಾನ ಹಿಂದನೂ ಒಮ್ಮೆ ಈ ದಾರೀಲೆ ಹೋಗೈತಿ. ಅದರಾಗ ಕುಂತಾಕಿ ಅಳಕೋತ ಹೋಗಿದ್ಲು. ನೀ ಕೆಳಗ ನಿಂತು ನೋಡಾಕಿ, ನಕ್ಕೋತ ಬಾ.”

ಶಾಲೆಯ ಮಾಳಿಗೆಯ ಮೇಲೆ ಹತ್ತೂವರೆಗೇ ಎಲ್ಲರೂ ಸೇರಿದ್ದರು. ಮೋಡಗಳು ಪಡುವಣದಿಂದ ಮಂದೆ ಮಂದೆಯಾಗಿ ಹೊರಟಿದ್ದವು, ನಡುನಡುವೆ ನೀಲಿಯ ಹರಕು. ಗೋಣೆಪ್ಪ ಮಾಸ್ತರರು ರೇಡಿಯೋದ ಗಂಟೆಗೆ ಸರಿಮಾಡಿದ ಗಡಿಯಾರವನ್ನು ಕೈಯಲ್ಲೇ ಹಿಡಿದಿದ್ದರು. ಗಾಳೆಪ್ಪ ಒಗೆದ ಬಿಳಿ ಅಂಗಿ ತೊಟ್ಟಿದ್ದ. ಉಗುರಿನ ಕಪ್ಪನ್ನು ತಿಕ್ಕಿ ತಿಕ್ಕಿ ತೊಳೆದಿದ್ದ. ಬೆರಳ ತುದಿಗಳು ಕೆಂಪಾಗಿದ್ದವು.

ಹತ್ತೂ ನಲವತ್ತು. ಹತ್ತೂ ಮುಕ್ಕಾಲು. ಒಂದು ಹದ್ದು ನೀಲಿಯ ಹರಕಿನಲ್ಲಿ ಒಂದು ಸುತ್ತು ಹೊಡೆದು ಹೋಯಿತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಕೆಳಗಿನ ಬೀದಿಯಲ್ಲಿ ಯಾರೋ, ಫಿಟ್ಟರನ ವಿಮಾನಕ್ಕೆ ಎತ್ತು ಸಿಕ್ಕಿಲ್ಲವೆಂದು ಕಾಣುತ್ತದೆ ಎಂದು ಚೇಷ್ಟೆ ಮಾಡಿದರು. ಮಕ್ಕಳು ಗದ್ದಲ ಎಬ್ಬಿಸಿದವು. ಹನ್ನೊಂದು ಹೊಡೆಯಿತು. ಮಾಸ್ತರರು ಮುಖ ಸಣ್ಣದು ಮಾಡಿಕೊಂಡು ಮಕ್ಕಳನ್ನು ಇಳಿಸಿದರು. ಸಕ್ಕರೆ ಕಾರಣಕ್ಕೆ ಅವರನ್ನೂ ಕರೆದಿದ್ದರು, ಮನೆಗೆ ಹೋಗಿ ಧೋತರ ಬದಲಿಸಬೇಕಿತ್ತು.

ಮಾಳಿಗೆಯ ಮೇಲೆ ಇಬ್ಬರೇ ಉಳಿದರು.

“ನಾ ದೇವರಿಗೆ ಮಾತು ಕಟ್ಟಿಕೊಂಡಿದ್ದೆ,” ಎಂದಳು ಸುಮಿತ್ರಾ. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. “ಹೂ ಬಲಕ್ಕ ಬೀಳಲಿಲ್ಲ.”

ಗಾಳೆಪ್ಪನಿಗೆ ತಿಳಿಯಲು ತುಸು ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನು ನಗಲಿಲ್ಲ.

“ಅದು ಯಂತ್ರರಿ. ಒಂದು ಸ್ಕ್ರೂ ಸಡಲಾದ್ರೂ ನಿಲ್ಲತೈತಿ. ಸಡಲಾಗಿದ್ದು ಅದರ ಸ್ಕ್ರೂ. ಅದಕ್ಕ ನೀವು ನನ್ನ ಬಿಡ್ತೀರೇನು?”

“ಮಾತು ಕೊಟ್ಟದ್ದು ದೇವರಿಗೆ.”

“ನನಗೂ ಒಂದು ಮಾತು ಕೊಟ್ಟಿದ್ರಿ. ಇವತ್ತು ಹೇಳ್ತೀನಿ ಅಂತ.”

“ಅದನ್ನ ಹೇಳಿದ್ನಲ್ಲ.”

ಅವನು ಮಧ್ಯಾಹ್ನದ ಮೋಟಾರಿಗೆ ಹೊರಡುತ್ತೇನೆಂದ. “ನಿಮ್ಮ ಓಣ್ಯಾಗ ಹಾಯ್ದು ಹೋಗ್ತೀನಿ. ಕರಿಯೂದು ಬ್ಯಾಡ. ಒಮ್ಮೆ ಹೊರಗ ನೋಡಿದ್ರ ಸಾಕು.”

ಮನೆಯಲ್ಲಿ ಜಮಖಾನೆ ಹಾಸಿತ್ತು. ಮುಂಡರಗಿಯವರು ಬಂದು ಕೂತಿದ್ದರು. ಚನ್ನಬಸವಣ್ಣನವರ ಅಕ್ಕ ಕಸ್ತೂರೆವ್ವ ಸುಮಿತ್ರಾಳನ್ನು ಕೈ ಹಿಡಿದು ತನ್ನ ಮಗ್ಗುಲಿಗೆ ಕುಳ್ಳಿರಿಸಿಕೊಂಡಳು. ಮೃದುವಾದ ಕೈ. ಬಿಸಿಲಲ್ಲಿ ಬಂದೆಯೇನವ್ವ ಎಂದು ಕೆನ್ನೆ ಒರೆಸಿದಳು. ಬೆಳ್ಳಿಯ ತಟ್ಟೆಯಲ್ಲಿ ಸಕ್ಕರೆ ಮಿನುಗುತ್ತಿತ್ತು. ಸುಮಿತ್ರಾ ಮನಸ್ಸಿಗೆ ಹೇಳಿದಳು, ದೇವರು ಅಲ್ಲವೆಂದಿದ್ದಾನೆ. ಮನಸ್ಸು ಹೂಂ ಎನ್ನಲಿಲ್ಲ. ಮತ್ತೊಮ್ಮೆ ಹೇಳಿದಳು. ಅದು ಮೊಂಡ ಕರುವಿನಂತೆ ನಿಂತಲ್ಲೇ ನಿಂತಿತು, ಜಗ್ಗಿದಷ್ಟೂ ಹಿಂದಕ್ಕೆ.

ಆಗ ಓಣಿಯಲ್ಲಿ ಗಲಾಟೆ ಎದ್ದಿತು. ಅಂಗಳದಲ್ಲಿದ್ದವರೆಲ್ಲ ಬೀದಿಗೆ ಓಡಿದರು, ಬೀಗರು ಓಡಿದರು, ಅಂದಾನಪ್ಪನವರೂ ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಳ್ಳುತ್ತ ಹೊರಗೆ ಹೋದರು. ಸುಮಿತ್ರಾ ಹೊಸ್ತಿಲಿಗೆ ಬಂದಳು.

ಪಡುವಲಿನ ನೀಲಿಯ ಹರಕಿನಲ್ಲಿ ಅಕ್ಕಿಯ ಕಾಳಿನಷ್ಟು ಬೆಳ್ಳಿ. ಅದರ ಹಿಂದೆ ಎಳೆದ ಹತ್ತಿಯ ಎಳೆ, ನೂಲುವ ಕೈಯೇ ಕಾಣದೆ ಉದ್ದವಾಗುತ್ತಿತ್ತು. ಸದ್ದಿಲ್ಲ. ಅದು ಅರ್ಧ ಆಕಾಶ ದಾಟಿದ ಮೇಲೆ ದೂರದ ಬೀಸುವ ಕಲ್ಲಿನಂಥ ಗುಡುಗು ನಿಧಾನವಾಗಿ ಬಂತು. ಆಯಿ ಗೋಡೆ ಹಿಡಿದು ನಿಂತು ಕೈ ಮುಗಿದಳು.

ಧೋತರದ ಚುಂಗು ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಬಂದ ಮಾಸ್ತರರು ಸಿಕ್ಕಸಿಕ್ಕವರಿಗೆಲ್ಲ ತಿಳಿಸಿ ಹೇಳತೊಡಗಿದರು.

“ತಪ್ಪು ನಂದು. ದೇಶಕ್ಕೆಲ್ಲ ಒಂದ ವ್ಯಾಳ್ಯಾ ಆದ್ರೂ ಮುಂಬೈ ಊರು ತನ್ನ ಹಳೇ ಗಡಿಯಾರ ಬಿಟ್ಟಿಲ್ಲ, ಅದು ನಮ್ಮ ಗಡಿಯಾರಕ್ಕಿಂತ ಮೂವತ್ತೊಂಬತ್ತು ಮಿನಿಟು ಹಿಂದ. ನಿಜಾಮುದ್ದೀನ ಬರದಿದ್ದು ಆ ವ್ಯಾಳ್ಯಾ. ಹಿಂದಕ ನಾನ ಅಲ್ಲಿ ಅದಕ್ಕ ಗಾಡಿ ತಪ್ಪಿಸಿಕೊಂಡೀನಿ, ಧೋತರ ಉಡೂವಾಗ ನೆನಪಾತು. ವಿಮಾನ ತಡಾ ಮಾಡಿಲ್ಲ. ನಾವ ಜಲ್ದಿ ಕಾದ್ವಿ. ವ್ಯಾಳ್ಯಾ ಸೈತ ನಮಗ ಸರಿಯಾಗಿ ಕೊಡದ ಊರು, ನಮ್ಮ ರಾಜಧಾನಿ.”

ಓಣಿಯ ಮಂದಿಯೆಲ್ಲ ತಲೆ ಎತ್ತಿದ್ದರು. ಒಬ್ಬನ ತಲೆ ಮಾತ್ರ ಎತ್ತಿರಲಿಲ್ಲ. ಬೇವಿನ ಗಿಡದ ಹತ್ತಿರ, ಟ್ರಂಕನ್ನು ಕಾಲ ಬಳಿ ಇಟ್ಟು, ಗಾಳೆಪ್ಪ ನಿಂತಿದ್ದ. ಇಷ್ಟು ದಿನ ಕಾದ ವಿಮಾನ ಅವನ ತಲೆಯ ಮೇಲೆಯೇ ಹೋಗುತ್ತಿತ್ತು. ಅವನು ಅವಳ ಬಾಗಿಲು ನೋಡುತ್ತಿದ್ದ.

ಸುಮಿತ್ರಾ ಕಣ್ಣು ತಗ್ಗಿಸಲಿಲ್ಲ. ಹೂ ಯಾವ ಬದಿಗೆ ಬಿತ್ತು? ಒಂದು ಗಡಿಯಾರದಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ದೇವರು ಯಾವ ಊರಿನ ಗಡಿಯಾರ ಕಟ್ಟಿಕೊಂಡಿದ್ದಾನೆ? ಕೇಳಿಕೊಳ್ಳುತ್ತಿದ್ದಂತೆ ಅವಳಿಗೇ ನಾಚಿಕೆಯಾಯಿತು. ತಾನು ಹೇಳಲು ಅಂಜಿದ ಒಂದು ಮಾತನ್ನು ದೇವರ ಮೇಲೆ ಹೊರಿಸಿ, ಆಕಾಶದತ್ತ ಕತ್ತು ಎತ್ತಿ ಕಾದಿದ್ದಳು. ಉತ್ತರ ಬೇವಿನ ಗಿಡದ ಕೆಳಗೆ ನಿಂತಿತ್ತು. ಹೇಳಬೇಕಾದ ಬಾಯಿ ತನ್ನದೇ.

ಅಂದಾನಪ್ಪ ಎಲ್ಲರನ್ನೂ ಒಳಗೆ ಕರೆದರು. ವಿಮಾನ ನೋಡಿದ್ದಾಯಿತು, ಹೊತ್ತು ಮೀರುತ್ತದೆ ಎಂದರು. ಸುಮಿತ್ರಾ ಹೋಗಿ ಮೊದಲಿನ ಜಾಗದಲ್ಲೇ ಕೂತಳು. ಬಾಗಿಲು ತೆರೆದೇ ಇತ್ತು.

ಕಸ್ತೂರೆವ್ವ ಮೂರು ಬೆರಳಲ್ಲಿ ಸಕ್ಕರೆ ಎತ್ತಿ ಅವಳ ತುಟಿಯ ಹತ್ತಿರ ತಂದಳು.

“ಬಾಯಿ ತಗಿ, ನನ್ನವ್ವ.”

ಸುಮಿತ್ರಾ ಆ ಮೃದುವಾದ ಕೈಯನ್ನು ಎರಡೂ ಕೈಯಿಂದ ಹಿಡಿದಳು, ಹಣೆಗೆ ಒತ್ತಿಕೊಂಡಳು, ತಟ್ಟೆಯ ಮೇಲೆ ತಂದು ಬಿಟ್ಟಳು. ಕಾಳುಗಳು ಸಣ್ಣಗೆ ಸದ್ದು ಮಾಡಿ ಬಿದ್ದವು. ತಂದೆ ಅವಳ ಹೆಸರು ಹಿಡಿದು ಕರೆದರು, ಎಂದೂ ಯಾರನ್ನೂ ಬೇಡದ ದನಿಯಲ್ಲಿ, ಬಾಯಿ ತೆಗೆಯೆಂದು ಮತ್ತೊಮ್ಮೆ ಕೇಳಿದರು.

“ಇಲ್ರಿ ಅಪ್ಪಾರ,” ಎಂದಳು ಸುಮಿತ್ರಾ. “ತಗ್ಯಾಂಗಿಲ್ಲ.”