ಒಂದೇ ಸಲ ಹಾಕಿದ್ದು

"ಈ ಮಷೀನಿನಲ್ಲಿ ಹದಿನಾರು ಪ್ರೋಗ್ರಾಂ ಇದೆ ಅಮ್ಮಾ. ಅದ್ರಲ್ಲಿ ಹದಿನೈದನ್ನ ಈಗಲೇ ಮರೆತುಬಿಡಿ!"

ಶೋರೂಮಿನ ಎರಡನೇ ಮಹಡಿಯಲ್ಲಿ ವಾಷಿಂಗ್ ಮಷೀನುಗಳ ಸಾಲಿನ ಮುಂದೆ ನಿಂತಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು.

ಡೆಮೊ ಹುಡುಗಿಗೆ ಇನ್ನೂ ಹುರುಪು ಬಂತು. "ನಿಜವಾಗ್ಲೂ! ಇದನ್ನ ಬರೆದವನು ಹುಟ್ಟಿದಾಗಿನಿಂದ ಒಂದು ಕರ್ಚೀಫೂ ಒಗೆದಿರಲ್ಲ. ಡೈಲಿ ಅಂತೆ, ಮಿಕ್ಸ್ ಅಂತೆ, ಡೆಲಿಕೇಟ್ ಅಂತೆ... ಒಂದಕ್ಕೆ ಡೈಲಿ ಅಂದ್ರೆ ಮಿಕ್ಕಿದ್ದೆಲ್ಲ ವರ್ಷಕ್ಕೊಂದು ಸಲ ಒಗೆಯೋದಾ? ಎಸಿ ರೂಮಲ್ಲಿ ಕೂತು ಬೆರಳಿಗೆ ಬಂದದ್ದು ಕುಟ್ಟಿರ್ತಾನೆ ಪುಣ್ಯಾತ್ಮ!"

ಮತ್ತೆ ನಗು. ಹಿಂದೆ ಬ್ಯಾಗು ಹಾಕಿಕೊಂಡು ನಿಂತಿದ್ದ ಒಬ್ಬ ಮಾತ್ರ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು.

ಗಿರಾಕಿಗಳು ಬಿಲ್ಲಿನ ಕಡೆ ಹೋದ ಮೇಲೆ ಅವನು ಹತ್ತಿರ ಬಂದ.

"ಒಗೆದಿದ್ದೀನಿ," ಎಂದ.

"ಏನು?"

"ಕರ್ಚೀಫ್. ಎಷ್ಟೋ ಸಲ ಒಗೆದಿದ್ದೀನಿ. ಆ ಹದಿನಾರನ್ನೂ ಬರೆದ ಪುಣ್ಯಾತ್ಮ... ನಾನೇ."

ಅವಳು ನಾಲಿಗೆ ಕಚ್ಚಿಕೊಂಡಳು. ಅಯ್ಯೋ ನನ್ನ ಬಾಯೇ! ಕಂಪನಿಯವನ ಎದುರಿಗೇ... ಇವತ್ತೇ ಕೆಲಸದಿಂದ ತೆಗೆಸ್ತಾನೆ!

ಆದರೆ ಹಿಂದೆ ಸರಿಯುವುದು ಅವಳ ಜಾಯಮಾನವಲ್ಲ. ಸೊಂಟದ ಮೇಲೆ ಕೈಯಿಟ್ಟಳು. "ಹಾಗಾದ್ರೆ ನೀವೇ ಹೇಳಿ. ಈ ಡೆಲಿಕೇಟ್ ಯಾಕೆ? ಯಾರೂ ಒತ್ತಲ್ಲ."

ಅವನು ಮುಚ್ಚಳ ತೆಗೆದು, ಒಳಗಿನ ಡ್ರಮ್ಮನ್ನು ಅಂಗೈಯಿಂದ ಮೆಲ್ಲಗೆ ಅತ್ತ ಇತ್ತ ಆಡಿಸಿದ. "ಇದ್ರಲ್ಲಿ ಡ್ರಮ್ ಪೂರ್ತಿ ತಿರುಗಲ್ಲ. ತೊಟ್ಟಿಲ ಹಾಗೆ ತೂಗುತ್ತೆ. ಒಂದು ಸಲ ಅಕ್ಕನ ಉಣ್ಣೆ ಶಾಲು ಒಗೆಯೋಕೆ ಹೋಗಿ, ಗೊಂಬೆಗೆ ಹೊದಿಸೋ ಅಷ್ಟು ಮಾಡಿಟ್ಟಿದ್ದೆ. ಅಕ್ಕ ಮಾತು ಬಿಟ್ಟಳು. ಆಮೇಲೆ ಕೂತು ಇದನ್ನ ಬರೆದೆ."

ಅವಳು ತುಟಿ ಕಚ್ಚಿ ತಡೆದರೂ ನಗು ಹೊರಗೆ ಬಂದೇಬಿಟ್ಟಿತು. ಛೆ, ಇವನ ಮೇಲೆ ಸಿಟ್ಟು ಮಾಡೋದಾದ್ರೂ ಹೇಗೆ!

ಮುಂದಿನ ಗಿರಾಕಿ ಬಂದಾಗ ಅವಳು ಕಣ್ಣು ಮಿಟುಕಿಸದೆ ಹೇಳಿದಳು. "ಇದು ಡೆಲಿಕೇಟ್ ಅಂತ. ತೊಟ್ಟಿಲ ಹಾಗೆ ತೂಗುತ್ತೆ ನೋಡಿ, ಉಣ್ಣೆ ಬಟ್ಟೆಗೆ ಭಾಳ ಒಳ್ಳೇದು."

ಫ್ರಿಜ್ಜುಗಳ ಮರೆಯಲ್ಲಿ ನಿಂತು ಕೇಳಿಸಿಕೊಂಡ ಅವನ ಬಾಯಿ ಕಿವಿಯವರೆಗೆ ಹೋಯಿತು.

ಮುಂದಿನ ಶನಿವಾರ ಅವನು ಮತ್ತೆ ಬಂದ. ಅದರ ಮುಂದಿನ ಶನಿವಾರವೂ. ಮಿಕ್ಸಿ ವಿಭಾಗದ ಗೆಳತಿ ಅವನಿಗೆ 'ಹದಿನಾರು' ಎಂದು ಹೆಸರಿಟ್ಟಳು. "ಹದಿನಾರು ಬಂತು ನೋಡೇ!" ಎಂದು ಅವಳು ಪಿಸುಗುಟ್ಟಿದರೆ ಸಾಕು, ನಮ್ಮ ಡೆಮೊ ಹುಡುಗಿಯ ಕೈ ತಾನಾಗಿಯೇ ತಲೆಗೂದಲ ಕಡೆ ಹೋಗುತ್ತಿತ್ತು. ಕೇಳಿದರೆ ಸೆಖೆ ಎನ್ನುತ್ತಿದ್ದಳು. ಅಷ್ಟು ತಣ್ಣಗಿನ ಶೋರೂಮಿನಲ್ಲಿ ಸೆಖೆ!

ಇಬ್ಬರೂ ಒಂದು ಮೂಲೆಯಲ್ಲಿ ನಿಂತು ಬರುವವರನ್ನು ನೋಡುತ್ತಿದ್ದರು. ಗಡಿಗೆ ಕೊಳ್ಳುವವರ ಹಾಗೆ ಫ್ರಿಜ್ಜನ್ನು ಬೆರಳಿನಿಂದ ತಟ್ಟಿ ನೋಡುವ ಅಜ್ಜ. ಟಿವಿಯ ಚಿತ್ರ ನೋಡದೆ ಹಿಂಭಾಗದಲ್ಲಿ ಎಷ್ಟು ತೂತಿದೆ ಎಂದು ಎಣಿಸುವ ಗಂಡ. ಅದರ ಮೇಲೆ ಹೂದಾನಿ ಇಡಲು ಜಾಗವಿದೆಯೇ ಎಂದಷ್ಟೇ ಕೇಳುವ ಹೆಂಡತಿ.

"ನಿಮ್ಮ ಕೆಲಸದಲ್ಲೂ ಹೀಗೆ ತಮಾಷೆ ಇರುತ್ತಾ?" ಎಂದು ಒಮ್ಮೆ ಕೇಳಿದಳು.

"ನಾನು ಒಂದು ಸೊನ್ನೆ ಹೆಚ್ಚಿಗೆ ಹಾಕಿದ್ದಕ್ಕೆ, ಒಂದು ಮಷೀನು ವಾರವಿಡೀ ಬಟ್ಟೆ ಜಾಲಿಸ್ತಾನೇ ಇತ್ತು. ಬೈದ್ರೆ ನಮ್ಮದು ಒಂದೇ ಉತ್ತರ... ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಇದೆ!"

"ಹಾಗಾದ್ರೆ ಗಿರಾಕಿಗೆ ನಿಮ್ಮ ಕಂಪ್ಯೂಟರನ್ನೇ ಕೊಟ್ಟು ಕಳಿಸಿ!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಂತರ ಕೇಳಿದ. "ನೀವು ಪ್ರೋಗ್ರಾಂ ಹೆಸರೇ ಹೇಳಲ್ವಲ್ಲ, ಮತ್ತೆ ಜನಕ್ಕೆ ಹೇಗೆ ಅರ್ಥ ಮಾಡಿಸ್ತೀರಿ?"

"ಬಟ್ಟೆ ಯಾವುದು ಅಂತ ನಾನು ಕೇಳೋದೇ ಇಲ್ಲ. ಏನು ಅಂಟಿದೆ ಅಂತ ಕೇಳ್ತೀನಿ. ಮಣ್ಣಾ, ಎಣ್ಣೆಯಾ, ಬೆವರಾ... ಇಲ್ಲಾ ಒಂದೇ ಸಲ ಹಾಕಿದ್ದಾ?"

"ಒಂದೇ ಸಲ ಹಾಕಿದ್ದು ಅಂದ್ರೆ?"

"ಯಾರದೋ ಮದುವೆಗೆ ಹೋಗಿ ಬಂದಿರ್ತೀರ. ಕೊಳೆ ಇಲ್ಲ, ಹಾಗಂತ ವಾಪಸ್ ಬೀರುವಿಗೂ ಇಡೋ ಹಾಗಿಲ್ಲ. ಕುರ್ಚಿ ಮೇಲೆ ಬಿದ್ದಿರುತ್ತಲ್ಲ, ಆ ಬಟ್ಟೆ."

"ನನ್ನ ಕುರ್ಚಿ ಮೇಲೆ ಒಂದು ಗುಡ್ಡವೇ ಇದೆ!" ಎಂದ ಅವನು, ಅವಳನ್ನು ಒಂದು ಕ್ಷಣ ಹೆಚ್ಚಿಗೇ ನೋಡಿದ. ಅವಳ ಕೆನ್ನೆ ಬಿಸಿಯಾಯಿತು.

ಅವಳ ಮನೆಯಲ್ಲಿ ಮಷೀನು ಇರಲಿಲ್ಲ. ಅಮ್ಮ ಮೊದಲು ನಾಲ್ಕಾರು ಮನೆಯ ಬಟ್ಟೆ ತಂದು ಒಗೆಯುತ್ತಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಮಗಳ ಸಂಬಳವೇ ಮನೆಗೆ ಆಧಾರ. "ಹಗಲೆಲ್ಲ ಮಷೀನು ಹೊಗಳ್ತೀಯ, ಮನೆಗೆ ಬಂದು ಕೈಯಲ್ಲಿ ಕುಕ್ಕ್ತೀಯ," ಎಂದು ಅಮ್ಮ ಛೇಡಿಸುವರು. "ಒಂದು ದಿನ ತರ್ತೀನಮ್ಮ," ಎನ್ನುವಾಗ ಅವಳ ಮನಸ್ಸಿನಲ್ಲಿ ಶನಿವಾರ ಓಡಾಡುತ್ತಿರುತ್ತಿತ್ತು.

ಇದ್ದಕ್ಕಿದ್ದಂತೆ ಅವನು ಬರುವುದು ನಿಂತಿತು. ಒಂದು ಶನಿವಾರ ಹೋಯಿತು. ಇನ್ನೊಂದೂ ಹೋಯಿತು. ಬರದಿದ್ರೆ ನನಗೇನು... ಎಂದು ದಿನಕ್ಕೆ ಹತ್ತು ಸಲ ಅಂದುಕೊಂಡಳು.

ಮೂರನೆಯ ಶನಿವಾರ ಬೆಳಿಗ್ಗೆ ಹೊಸ ಮಾಡೆಲ್ ಬಂತು. ಮ್ಯಾನೇಜರ್ ರಟ್ಟು ಬಿಚ್ಚಿಸಿ ಸ್ವಿಚ್ ಹಾಕಿದರು. ಪುಟ್ಟ ಪರದೆ ಬೆಳಗಿತು.

'ಏನು ಅಂಟಿದೆ?'

ಅದರ ಕೆಳಗೆ, ಪರದೆಯಲ್ಲೇ, ನಾಲ್ಕೇ ಗುಂಡಿಗಳು. ಮಣ್ಣು. ಎಣ್ಣೆ. ಬೆವರು. ಒಂದೇ ಸಲ ಹಾಕಿದ್ದು.

ಅವಳು ಬಾಯಿ ತೆರೆದುಕೊಂಡೇ ನಿಂತಳು. ನನ್ನ ಮಾತು! ಎಂದು ಒಳಗೊಳಗೇ ಕುಣಿದಳು. ಆ ಕುಣಿತ ಒಂದು ನಿಮಿಷವೂ ಉಳಿಯಲಿಲ್ಲ.

"ನೋಡಿದ್ಯಾ? ಇನ್ನು ಇದೇ ಎಲ್ಲ ಕೇಳುತ್ತೆ, ಇದೇ ಎಲ್ಲ ಹೇಳುತ್ತೆ," ಮ್ಯಾನೇಜರ್ ಧ್ವನಿ ತಗ್ಗಿಸಿದರು. "ಡೆಮೊಗೆ ಕೊಡ್ತಿದ್ದ ಸಂಬಳವನ್ನ ಕಂಪನಿಯವ್ರು ನಿಲ್ಲಿಸ್ತಾರಂತೆ. ಮುಂದಿನ ತಿಂಗಳಿಂದ ಇಲ್ಲಿಗೆ ಡೆಮೊದವರು ಬೇಡವಂತೆ. ನನ್ನ ಕೈಲೇನಿಲ್ಲ... ಬೇಜಾರು ಮಾಡ್ಕೋಬೇಡಮ್ಮ."

ಅವಳ ಮಾತೇ ಅವಳ ಅನ್ನಕ್ಕೆ ಕಲ್ಲು ಹಾಕಿತ್ತು.

ಆ ಮಧ್ಯಾಹ್ನ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು, ಮುಖದ ತುಂಬ ಹಬ್ಬ. ಕೆಲವರು ಹೂವು ಕೊಡುತ್ತಾರೆ, ಕೆಲವರು ಕವಿತೆ ಬರೆಯುತ್ತಾರೆ. ಈ ಮಹಾಶಯ ಎರಡು ವಾರ ಹಗಲು ರಾತ್ರಿ ಕೂತು ಅವಳಿಗಾಗಿ ವಾಷಿಂಗ್ ಮಷೀನು ಸಿದ್ಧಮಾಡಿದ್ದ!

"ನೋಡಿದ್ರಾ? ಹೇಗಿದೆ?"

"ಯಾರನ್ನ ಕೇಳಿ ತಗೊಂಡ್ರಿ?"

ಅವನ ನಗು ಅರ್ಧಕ್ಕೇ ನಿಂತಿತು. "ಅಂದ್ರೆ..."

"ನನ್ನ ಬಾಯಿಂದ ಬಂದದ್ದನ್ನೆಲ್ಲ ಯಾರನ್ನ ಕೇಳಿ ತಗೊಂಡು ಹೋದ್ರಿ? ವಾರವಾರ ಬಂದು ನಿಂತಿದ್ದು ಇದಕ್ಕಾ? ನಾನು... ನಾನು ಬೇರೇನೋ ಅಂದ್ಕೊಂಡಿದ್ದೆ!"

ಆಡಬಾರದ ಮಾತು ಆಡಿದ್ದಾಯಿತು. ಅವಳ ಕಣ್ಣು ತುಂಬಿತು.

"ನಿಮಗೆ ಖುಷಿಯಾಗುತ್ತೆ ಅಂತ..."

"ಖುಷಿ! ಇದು ಬಂದದ್ದಕ್ಕೆ ನನ್ನ ಕೆಲಸ ಹೋಯ್ತು. ಮುಂದಿನ ತಿಂಗಳಿಂದ ನಾನು ಮನೇಲಿ!"

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ನಂಗೆ... ನಂಗೆ ಗೊತ್ತಿರಲಿಲ್ಲ."

"ಹೇಗೆ ಗೊತ್ತಾಗುತ್ತೆ? ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗೇ ಇರುತ್ತೆ!"

ಅವನು ಮೆಟ್ಟಿಲಿಳಿದು ಹೋದ. ಅವಳು ಸ್ಟೋರ್ ರೂಮಿಗೆ ಹೋಗಿ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಾ ಎಲ್ಲವನ್ನೂ ಅಮ್ಮನ ಮುಂದೆ ಕಕ್ಕಿದಳು. ಅಮ್ಮ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು, ಪೂರ್ತಿ ಕೇಳಿದರು.

"ಅಲ್ವೇ ಪುಟ್ಟಿ... ಅದು ನನ್ನ ಮಾತಲ್ವೇನೇ?"

"ಯಾವುದು?"

"ಮಣ್ಣಾದ್ರೆ ಒಣಗಿಸಿ ಕೊಡವು, ಎಣ್ಣೆಗೆ ಬಿಸಿನೀರು, ಬೆವರಿಗೆ ತಣ್ಣೀರು ಅಂತ ಹೇಳ್ಕೊಟ್ಟವಳು ನಾನು. ಒಂದೇ ಸಲ ಹಾಕಿದ್ದು ಬೇರೆ ಇಡು ಅಂತ ನಿನ್ನ ತಲೆಗೆ ಮೊಟಕಿದವಳೂ ನಾನು. ಅಂಗಡೀಲಿ ಹೇಳೋಕೆ ಮೊದಲು ನೀನು ನನ್ನ ಕೇಳಿದ್ಯಾ?"

"ನಾನು ನಿನ್ನ ಮಗಳಮ್ಮಾ! ನಮ್ಮನಮ್ಮಲ್ಲಿ ಕೇಳೋದೇನು?"

"ಅದನ್ನೇ ನಾನೂ ಹೇಳ್ತಿರೋದು. ನಮ್ಮವರು ಕೇಳದೇ ತಗೊಂಡ್ರೆ ಸಲಿಗೆ ಅಂತೀವಿ, ಹೊರಗಿನವರು ತಗೊಂಡ್ರೆ ಕಳ್ಳತನ ಅಂತೀವಿ. ಅವನು ನಿಂಗೆ ಯಾರು ಅಂತ ಮೊದಲು ನೀನು ತೀರ್ಮಾನ ಮಾಡು."

ಹಿಂಡಬೇಕಿದ್ದ ಒದ್ದೆ ಬಟ್ಟೆ ಅವಳ ಕೈಯಲ್ಲೇ ಉಳಿಯಿತು. ನೀರು ಮೊಣಕೈಯಿಂದ ಸುರಿಯುತ್ತಿತ್ತು.

"ಹಾಗಂತ ಸುಮ್ಮನೆ ಬಿಡಬೇಡ ಮತ್ತೆ! ನಮ್ಮವನೇ ಆದ್ರೂ ಬಾಯಿಬಿಟ್ಟು ಕೇಳೋದು ಕಲೀಲಿ," ಎಂದರು ಅಮ್ಮ.

ಬುಧವಾರ ಮಧ್ಯಾಹ್ನ, ಶೋರೂಮ್ ಖಾಲಿ ಹೊಡೆಯುತ್ತಿದ್ದ ಹೊತ್ತಿನಲ್ಲಿ, ಅವನು ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡ. ಅಲ್ಲೇ ನಿಂತ.

"ಒಳಗೆ ಬರಲಾ?"

"ಇದು ಅಂಗಡಿ. ಬರೋದಕ್ಕೆ ಯಾರನ್ನ ಕೇಳಬೇಕು?"

ಎರಡು ಹೆಜ್ಜೆ ಬಂದ. "ಮಾತಾಡಲಾ?"

"...ಗಿರಾಕಿ ಬರೋವರೆಗೆ ಮಾತಾಡಿ."

"ಹೊಸ ಮಷೀನಿಗೆ ಆಫೀಸಿನಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದ್ದರು. ಸೋಮವಾರ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ, ಇದ್ರಲ್ಲಿ ಒಂದಕ್ಷರವೂ ನನ್ನದಲ್ಲ, ಶೋರೂಮಿನಲ್ಲಿ ನಿಂತು ಕದ್ದು ತಂದದ್ದು ಅಂತ."

"ಕದ್ದು ಅಂತಾನೇ ಹೇಳಿದ್ರಾ?"

"ಹೂಂ. ಅಲ್ಲೀವರೆಗೂ ಎಲ್ಲರೂ ಫೋನ್ ನೋಡ್ತಿದ್ರು. ಆಗ ತಲೆ ಎತ್ತಿದ್ರು."

ಅವಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

"ಡೆಮೊ ನಿಲ್ಲಿಸಬೇಡಿ ಅಂತ ಜಗಳ ಆಡಿದೆ. ಆಗಲಿಲ್ಲ. ಅದು ನನ್ನ ಕೈಲಿಲ್ಲ, ನಿಮಗೆ ಸುಳ್ಳು ಹೇಳಲ್ಲ," ಎಂದು ಅವನು ನೆಲ ನೋಡಿದ. "ಆದ್ರೆ ಮೀಟಿಂಗ್ ಮುಗಿದ ಮೇಲೆ ನಮ್ಮ ಮೇಡಂ ಕರೆದ್ರು. ಓವನ್ನು, ಫ್ರಿಜ್ಜು, ಕುಕ್ಕರು... ಯಾವುದರ ಗುಂಡಿಯೂ ಜನಕ್ಕೆ ಅರ್ಥ ಆಗ್ತಿಲ್ವಂತೆ. ಆ ಮಾತುಗಳನ್ನ ಬರೆಯೋಕೆ ನೀವು ಬರ್ತೀರಾ ಅಂತ ಕೇಳಬೇಕಂತೆ. ನಿಮ್ಮ ನಂಬರ್ ಕೇಳಿದ್ರು."

"ಕೊಟ್ರಾ?"

"ಇಲ್ಲ. ಅವರನ್ನ ಕೇಳದೇ ಕೊಡಲ್ಲ ಅಂದೆ. ಮೇಡಂ ಬೈದ್ರು... ಈಗ ಹೇಳಿ, ಕೊಡಲಾ?"

ಅನುಕಂಪಕ್ಕೆ ಕೊಡಿಸೋ ಕೆಲಸವಾ ಇದು? ಅವನ ಮುಖವನ್ನು ಹುಡುಕಿ ನೋಡಿದಳು. ಅಲ್ಲಿ ಅನುಕಂಪ ಕಾಣಲಿಲ್ಲ. ಬೈಸಿಕೊಳ್ಳಲು ಸಿದ್ಧನಾಗಿ ಬಂದವನ ಹೆದರಿಕೆ ಕಾಣಿಸಿತು. ಓವನ್ನಿನ ಮುಂದೆ ಕನ್ನಡಕ ಏರಿಸಿಕೊಂಡು ತಬ್ಬಿಬ್ಬಾಗುವ ಗಿರಾಕಿಗಳೂ ಕಣ್ಣ ಮುಂದೆ ಬಂದರು. ಅದಕ್ಕೆ ಏನು ಬರೆಯಬೇಕೆಂದು ಅವಳಿಗೆ ಆಗಲೇ ಹೊಳೆಯತೊಡಗಿತ್ತು.

"ಕೊಡಿ. ಆದ್ರೆ ಸಂಬಳದ ಮಾತು ನಾನೇ ಆಡ್ತೀನಿ, ನೀವು ಮಧ್ಯೆ ಬರಬಾರದು. ಮತ್ತೆ ಈ ನಾಲ್ಕು ಗುಂಡಿಗೆ ಕೊಡಬೇಕಾದ್ದನ್ನ ನಮ್ಮಮ್ಮನಿಗೆ ಕೊಡಬೇಕು."

"ಅಮ್ಮನಿಗಾ?"

"ಅವು ಅಮ್ಮನ ಮಾತು."

ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಅಯ್ಯೋ... ಹಾಗಾದ್ರೆ ಅಮ್ಮನ್ನೂ ಕೇಳಬೇಕಿತ್ತು! ಕ್ಷಮೆ ಕೇಳೋಕೆ ಮನೆಗೆ ಬರಲಾ?"

"ಬನ್ನಿ. ನಮ್ಮಮ್ಮ ಮಷೀನಲ್ಲ, ಬೈಯೋಕೆ ಶುರು ಮಾಡಿದ್ರೆ ಆಫ್ ಮಾಡೋಕಾಗಲ್ಲ."

ಈ ಸಲ ಇಬ್ಬರೂ ಒಟ್ಟಿಗೇ ನಕ್ಕರು. ನಗು ನಿಂತ ಮೇಲೆ ಇಬ್ಬರಿಗೂ ಕಣ್ಣು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎದುರಿನ ಸಾಲಿನ ಟಿವಿಗಳಲ್ಲಿ ಯಾವುದೋ ಸಮುದ್ರದ ಅಲೆಗಳು ಸದ್ದಿಲ್ಲದೆ ಬಂದು ಹೋಗುತ್ತಿದ್ದವು.

"ಇನ್ನೊಂದು ವಿಷಯ ಇದೆ..." ಎಂದ ಅವನು ತಡವರಿಸಿದ. "ಅದನ್ನ... ಹೇಳಲಾ? ಅಂದ್ರೆ, ನಿಮಗೆ ಬೇಡ ಅಂದ್ರೆ..."

ಅವಳು ಅವನ ಕಡೆ ತಿರುಗಿದಳು.

"ಕೇಳಬೇಡಿ," ಎಂದಳು.

ಅವನ ಮುಖ ಬಾಡಿತು. "ಸರಿ..."

"ಅಲ್ಲ! ಇದೊಂದನ್ನ ಕೇಳದೇ ಹೇಳಿ."

ಅವನು ಉಸಿರು ಬಿಗಿಹಿಡಿದ. "ಮೊದಲನೇ ಶನಿವಾರ ಬಂದದ್ದು ಮಷೀನ್ ನೋಡೋಕೆ. ಆಮೇಲೆ ಬಂದದ್ದೆಲ್ಲ ನಿಮ್ಮನ್ನ ನೋಡೋಕೆ. ಹೇಳೋ ಧೈರ್ಯ ಇರಲಿಲ್ಲ, ನಂಗೆ ಗೊತ್ತಿರೋ ವಿದ್ಯೆ ಅದೊಂದೇ ಅಂತ ಮಷೀನು ಮಾಡಿದೆ. ನೀವಂದ್ರೆ ನಂಗೆ ತುಂಬಾ ಇಷ್ಟ... ತುಂಬಾ."

ಅವಳು ತಲೆ ತಗ್ಗಿಸಿದಳು. ಕಣ್ಣಂಚಿನಿಂದ ಒಂದು ಹನಿ ಜಾರಿತು. ಈ ಸಲ ಅದನ್ನು ಒರೆಸಿಕೊಳ್ಳಲು ಸ್ಟೋರ್ ರೂಮಿಗೆ ಓಡಲಿಲ್ಲ.

"ನೀವು... ನೀವೇನೂ ಹೇಳಲ್ವಾ?"

"ನನ್ನ ಮಾತು ಬೇಕಿದ್ರೆ ಕೇಳಿ ತಗೋಬೇಕು," ಎಂದಳು ಕಣ್ಣಲ್ಲೇ ನಗುತ್ತಾ.

"ಕೇಳ್ತಿದ್ದೀನಿ."

ಇಡೀ ಮಹಡಿಗೆ ಕೇಳಿಸುವ ಹಾಗೆ ಮಾತಾಡುವವಳು, ಅವನು ಬಗ್ಗಿ ಕಿವಿ ಕೊಡಬೇಕಾಗುವಷ್ಟು ಮೆಲ್ಲಗೆ ಹೇಳಿದಳು.

"ನಂಗೂ."